ಶಿಬಿರಕ್ಕೆ ದುಡ್ಡು ಕಟ್ಟುವ ಮೊದಲು ಕ್ಯಾಲೆಂಡರ್ ತೆಗೆಯಿರಿ

ಮಕ್ಕಳ ಪರೀಕ್ಷೆ ಮುಗಿಯುವ ಮೊದಲೇ ಬೇಸಿಗೆ ಶಿಬಿರದ ಚೀಟಿಗಳು ಬೆಳಗಿನ ಪೇಪರಿನೊಳಗಿಂದ ಉದುರತೊಡಗುತ್ತವೆ. ಗಾಬರಿಯಿಂದ ಅವತ್ತೇ ಹಣ ಕಟ್ಟಬೇಡಿ. ನಾನೊಂದು ವರ್ಷ ಹಾಗೇ ಕಟ್ಟಿದೆ. ಶಿಬಿರದ ನಡುವೆ ಊರಿನ ಜಾತ್ರೆ ಬಂತು, ಅರ್ಧ ಫೀಸು ನೀರಿನಲ್ಲಿ ಹೋಮವಾಯಿತು.

ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿ. ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಹೆಚ್ಚೆಂದರೆ ಏಳು ವಾರ. ಅದರಲ್ಲಿ ಮದುವೆ, ಜಾತ್ರೆ, ಅಜ್ಜಿ ಮನೆಯ ದಿನಗಳಿಗೆ ಮೊದಲೇ ಸುತ್ತು ಹಾಕಿ. ಶಿಬಿರ ಉಳಿದ ಜಾಗದಲ್ಲಿ ಕೂರಲಿ.

ಇನ್ನು ಮಳೆಯ ಲೆಕ್ಕ. ಅಶ್ವಿನಿ ಮಳೆ ಏಪ್ರಿಲ್ ಮಧ್ಯಕ್ಕೆ, ಭರಣಿ ಮಳೆ ಏಪ್ರಿಲ್ ಕೊನೆಗೆ ಶುರು. ಸಂಜೆ ಗುಡುಗಿ, ಆಲಿಕಲ್ಲು ಬೀಳುವ ಕಾಲ ಅದು. ಹಾಗಾಗಿ ಬಿಸಿಲು ಬೇಕಾದ ಕೆಲಸವನ್ನು ರಜೆಯ ಮೊದಲ ವಾರಕ್ಕೇ ಹಾಕಿಕೊಳ್ಳಿ. ನಮ್ಮಲ್ಲಿ ಅದು ಸಬ್ಬಕ್ಕಿ ಸಂಡಿಗೆ.

ಒಂದು ಲೋಟ ಸಬ್ಬಕ್ಕಿಯನ್ನು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಬೇಗ ಎದ್ದು ನಾಲ್ಕೈದು ಲೋಟ ನೀರಿನಲ್ಲಿ ಬೇಯಿಸಿ. ಕಾಳು ಗಾಜಿನ ಹಾಗೆ ಕಾಣುವವರೆಗೆ ತಳ ಹಿಡಿಯದಂತೆ ಕಲಕುತ್ತಿರಬೇಕು. ಇದು ದೊಡ್ಡವರ ಕೆಲಸ, ಮಕ್ಕಳನ್ನು ಒಲೆಯ ಹತ್ತಿರ ಬಿಡಬೇಡಿ. ಜಜ್ಜಿದ ಹಸಿಮೆಣಸಿನಕಾಯಿ, ಜೀರಿಗೆ, ನಿಂಬೆರಸ ಸೇರಿಸಿ. ಉಪ್ಪು ಕಮ್ಮಿಯೇ ಇರಲಿ, ಒಣಗಿದ ಮೇಲೆ ಜಾಸ್ತಿ ಗೊತ್ತಾಗುತ್ತದೆ. ಗಂಜಿ ಆರಿದ ಮೇಲೆ ಮಕ್ಕಳ ಕೈಗೆ ಚಮಚ ಕೊಟ್ಟು ಮಹಡಿಗೆ ಕರೆದುಕೊಂಡು ಹೋಗಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದೊಂದೇ ಚಮಚ ಇಡಲಿ. ಒಂದು ಗುಂಡಗೆ, ಇನ್ನೊಂದು ಶ್ರೀಲಂಕಾ ನಕ್ಷೆಯ ಹಾಗೆ ಬರುತ್ತದೆ, ಬರಲಿ ಬಿಡಿ. ಸಂಜೆ ಬಿಡಿಸಿ ಮಗುಚಬೇಕು. ಎರಡು ಮೂರು ದಿನ ಕಾಗೆ ಕಾಯುವ ಪಾಳಿ ಹಚ್ಚಿ. ಅರೆ ಒಣಗಿದ ಸಂಡಿಗೆಯನ್ನು ಕಾಗೆಗಿಂತ ಕಾಯುವವರೇ ಜಾಸ್ತಿ ತಿನ್ನುತ್ತಾರೆ, ಅಲ್ವಾ?

ಈಗ ಶಿಬಿರಕ್ಕೆ ಬನ್ನಿ. ಮೈಸೂರಿನಲ್ಲಿದ್ದರೆ ರಂಗಾಯಣದ ಚಿಣ್ಣರ ಮೇಳ ನೋಡಿ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿ ನಿಲ್ಲಿಸಿದ ನಾಟಕ ಸಂಸ್ಥೆ ರಂಗಾಯಣ. ಮೇಳದಲ್ಲಿ ಮಕ್ಕಳು ಕೊನೆಗೆ ನಾಟಕವನ್ನೇ ಆಡುತ್ತಾರೆ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಬಾಲಭವನವಿದೆ. ಬೇರೆಲ್ಲೇ ಸೇರಿಸಿದರೂ ಹಣ ಕಟ್ಟುವ ಮುಂಚೆ ಒಮ್ಮೆ ಜಾಗಕ್ಕೆ ಹೋಗಿ ಬನ್ನಿ. ನೆರಳು, ಕುಡಿಯುವ ನೀರು, ಶೌಚಾಲಯ ನೋಡಿ. ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು, ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ ಬರುತ್ತದೆಯೇ ಅಂತ ಬಾಯಿಬಿಟ್ಟು ಕೇಳಿ. ಒಂದೇ ದಿನ ಅಬಾಕಸ್, ಕರಾಟೆ, ಕೀಬೋರ್ಡ್, ಚಿತ್ರಕಲೆ ಎಲ್ಲ ಕಲಿಸುತ್ತೇವೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ. ಬೆಳಗಿನ ಹೊತ್ತು ಮಾತ್ರ ನಡೆಯುವ, ಎರಡು ವಾರದ ಶಿಬಿರ ಸಾಕು.

ಮಧ್ಯಾಹ್ನಕ್ಕೆ ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆಯಿರಿ. ಕವಡೆ ಇಲ್ಲವೇ? ನಾಲ್ಕು ಹುಣಸೆಬೀಜ ತೆಗೆದುಕೊಂಡು ಒಂದು ಬದಿಯನ್ನು ಒರಟು ಕಲ್ಲಿಗೆ ಬೆಳ್ಳಗಾಗುವವರೆಗೆ ಉಜ್ಜಿ. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವ ಹಾಗಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣು. ಜಗಳ ಗ್ಯಾರಂಟಿ, ನೀವು ನಡುವೆ ಬಾಯಿ ಹಾಕಬೇಡಿ.

ಅಜ್ಜಿ ಮನೆಗೆ ಹೊರಡುವ ದಿನ ಆ ಬೀಜಗಳನ್ನು ಪೊಟ್ಟಣ ಕಟ್ಟಿ ಬ್ಯಾಗಿಗೆ ಹಾಕಿ. ಮನೆ ಬರೆಯಲು ಅಲ್ಲಿ ಸೀಮೆಸುಣ್ಣ ಸಿಗದಿದ್ದರೆ ಹಂಡೆ ಒಲೆಯ ಇದ್ದಿಲು ಇದ್ದೇ ಇರುತ್ತದೆ.