ತಿಜೋರಿಯಲ್ಲಿರುವ ಯಾವ ಕಾಗದ ಮೃತ್ಯುಪತ್ರ?

ಬೈಲಹೊಂಗಲದ ಕಡೆ ಹಿರಿಯರೊಬ್ಬರು ಹೊಲ, ಮನೆ ಎಲ್ಲದಕ್ಕೂ ಮೃತ್ಯುಪತ್ರ ಬರೆಸಿದ್ದಾರೆ ಅಂದುಕೊಳ್ಳಿ. ಅದರಲ್ಲೊಂದು ಸಾಲು: 'ಬಂಗಾರವನ್ನು ನಾನು ಬೇರೆ ಪಟ್ಟಿಯಲ್ಲಿ ಬರೆದಿಟ್ಟಂತೆ ಹೆಣ್ಣುಮಕ್ಕಳಿಗೆ ಕೊಡಬೇಕು.' ಅವರು ತೀರಿಕೊಂಡ ಮೇಲೆ ತಿಜೋರಿಯಲ್ಲಿ ಪಟ್ಟಿ ಸಿಗುತ್ತದೆ. ಅದರ ಮೇಲೆ ಸಾಕ್ಷಿದಾರರ ಸಹಿ ಇಲ್ಲ. ಆದರೂ ಅದು ನಡೆಯಬಹುದು. ಪಟ್ಟಿ ಬರೆದದ್ದು ಯಾವಾಗ ಎಂಬುದೇ ಇಲ್ಲಿ ಮುಖ್ಯ.

ಮೊದಲು ಮೂಲ ಕಾಗದ ಗಟ್ಟಿ ಮಾಡಿಕೊಳ್ಳಿ. ಬರೆಸುವವರಿಗೆ 18 ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಅವರ ಸಹಿ ಅಥವಾ ಹೆಬ್ಬೆಟ್ಟು ಬೇಕು, ಕನಿಷ್ಠ ಇಬ್ಬರು ಸಾಕ್ಷಿದಾರರೂ ಬೇಕು. ಪ್ರತಿ ಸಾಕ್ಷಿದಾರರೂ ಆ ಸಹಿ ಹಾಕುವುದನ್ನು ನೋಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಎಂದು ಅವರಿಂದಲೇ ಕೇಳಿರಬೇಕು. ಆಮೇಲೆ ಅವರೆದುರೇ ತಾವೂ ಸಹಿ ಮಾಡಬೇಕು. ಇಬ್ಬರೂ ಒಟ್ಟಿಗೆ ಇರಲೇಬೇಕೆಂದಿಲ್ಲ, ಆದರೆ ಒಟ್ಟಿಗೆ ಕೂರಿಸುವುದೇ ಒಳ್ಳೆಯದು. ಮುಂದೆ ಕೋರ್ಟಿಗೆ ಹೋದರೆ ಸಾಕ್ಷಿದಾರರಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ಅದಕ್ಕೇ ವಯಸ್ಸಿನಲ್ಲಿ ಚಿಕ್ಕವರನ್ನು, ಆಸ್ತಿಯಲ್ಲಿ ಪಾಲಿಲ್ಲದವರನ್ನು ಆರಿಸಿ.

ಬಾಂಡ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ. ಮಾಡಿಸಿದರೆ ಒಳ್ಳೆಯದೇ. ಆದರೆ ಸಾಕ್ಷಿದಾರರ ಕೊರತೆಯನ್ನು ನೋಂದಣಿ ತುಂಬುವುದಿಲ್ಲ.

ಈಗ ಆ ಪಟ್ಟಿಗೆ ಬರೋಣ. 64ನೇ ಕಲಂ ಹೇಳುವುದಿಷ್ಟು: ಸರಿಯಾಗಿ ಸಾಕ್ಷಿ ಹಾಕಿಸಿದ ಮೃತ್ಯುಪತ್ರ ಬೇರೊಂದು ಕಾಗದವನ್ನು ಹೆಸರಿಸಿದ್ದರೆ, ಆ ಕಾಗದ ಆಗಲೇ ಬರೆದಾಗಿದ್ದರೆ, ಅದೂ ಮೃತ್ಯುಪತ್ರದ ಭಾಗ. 'ಮುಂದೆ ಬರೆದಿಡುವ ಪಟ್ಟಿಯಂತೆ' ಎಂದರೆ ನಡೆಯುವುದಿಲ್ಲ. ಹೆಣ್ಣುಮಕ್ಕಳಿಗೆಂದು ಪ್ರೀತಿಯಿಂದ ಎತ್ತಿಟ್ಟ ಬಂಗಾರ ಒಂದು ತಾರೀಖಿನ ಕಾರಣಕ್ಕೆ ಜಗಳಕ್ಕೆ ಬೀಳಬಾರದು, ಅಲ್ವಾ? ಹಾಗಾಗಿ ಪಟ್ಟಿಯನ್ನು ಮೊದಲೇ ಬರೆಯಿರಿ. ಅದರ ಮೇಲೆ ತಾರೀಖು ಹಾಕಿ, ಪ್ರತಿ ಹಾಳೆಗೂ ಸಹಿ ಮಾಡಿ. ಆ ತಾರೀಖು, ಹಾಳೆಗಳ ಸಂಖ್ಯೆ ಎರಡನ್ನೂ ಮೃತ್ಯುಪತ್ರದಲ್ಲಿ ನಮೂದಿಸಿ. ಸಾಕ್ಷಿದಾರರ ಸಹಿಯನ್ನು ಪಟ್ಟಿಗೂ ಹಾಕಿಸಿದರೆ ಇನ್ನೂ ಭದ್ರ.

ಉತಾರ (ಪಹಣಿ), ಪಾಸ್‌ಬುಕ್ ಝೆರಾಕ್ಸ್ ಜೋಡಿಸಿದರೆ ಆಸ್ತಿ ಗುರುತಿಸಲು ಅನುಕೂಲ, ಅಷ್ಟೇ. ಯಾವುದು ಯಾರಿಗೆ ಎಂಬುದನ್ನು ಸರ್ವೇ ನಂಬರ್ ಸಮೇತ ಮೃತ್ಯುಪತ್ರದಲ್ಲೇ ಬರೆಯಬೇಕು. ಒಂದು ಮಾತು: ಮುಸ್ಲಿಮರ ವಸಿಯತ್ತಿಗೆ ನಿಯಮಗಳೇ ಬೇರೆ, ಇಲ್ಲಿ ಹೇಳಿದ್ದು ಅದಕ್ಕೆ ಹೊಂದುವುದಿಲ್ಲ.

ಆಮೇಲೆ ಮನಸ್ಸು ಬದಲಾಯಿತೇ? ಸುಮ್ನೆ ಗೀಚಿ ಮೇಲೆ ಬರೆಯಬೇಡಿ. ಆ ತಿದ್ದುಪಡಿಗೂ ನಿಮ್ಮ ಸಹಿ, ಇಬ್ಬರು ಸಾಕ್ಷಿದಾರರ ಸಹಿ ಬೇಕು. ಮೃತ್ಯುಪತ್ರಕ್ಕೆ ಸೇರಿಸಲು ಪ್ರತ್ಯೇಕ ಪುರವಣಿ ಪತ್ರ ಬರೆದರೂ ಇದೇ ನಿಯಮ. ಬದಲಾವಣೆ ಜಾಸ್ತಿ ಇದ್ದರೆ ಹೊಸದನ್ನೇ ಬರೆಸಿ, 'ಹಿಂದಿನದನ್ನು ರದ್ದು ಮಾಡಿದ್ದೇನೆ' ಎಂದು ಅದರಲ್ಲಿ ಬಿಡಿಸಿ ಹೇಳಿ.