ಕಾಯಿನ್ ಮಾಯ ಮಾಡೋ ಗ್ಲಾಸು, ಹಳೇ ಕ್ಯಾಲೆಂಡರಿಂದ

ಇದಕ್ಕೆ ಮ್ಯಾಜಿಕ್ ಕಿಟ್ ಎಲ್ಲಾ ಬೇಡ, ಹಿಂದುಗಡೆ ಖಾಲಿ ಇರೋ ಒಂದು ದಪ್ಪ ಕ್ಯಾಲೆಂಡರ್ ಹಾಳೆ, ಡಿಸೈನ್ ಇಲ್ದಿರೋ ಗಾಜಿನ ಲೋಟ, ಫೆವಿಕಾಲ್ ಇದ್ರೆ ಆಯ್ತು. ಲೋಟ ಬೋರಲು ಹಾಕಿ ಬಾಯಿ ಸುತ್ತ ಪೆನ್ಸಿಲಲ್ಲಿ ಗೆರೆ ಎಳೀರಿ, ಕತ್ತರಿಸಿ, ಅಂಚಿಗೆ ಮಾತ್ರ ತೆಳ್ಳಗೆ ಅಂಟು ಹಚ್ಚಿ ಬಿಳಿ ಬದಿ ಒಳಗೆ ಬರೋ ಹಾಗೆ ಅಂಟಿಸಿ. ಜಾಸ್ತಿ ಹಚ್ಚಿದ್ರೆ ಪೇಪರ್ ಸುಕ್ಕಾಗತ್ತೆ, ಗುಟ್ಟು ರಟ್ಟು! ಒಣಗಿದ್ಮೇಲೆ ಹೊರಗೆ ಚಾಚಿರೋ ಅಂಚು ಟ್ರಿಮ್ ಮಾಡಿ.

ಉಳಿದ ಹಾಳೆ ಬಿಳಿ ಬದಿ ಮೇಲ್ಮಾಡಿ ಹಾಸಿ ಅದೇ ಹಾಳೆ ಮೇಲೆ ಲೋಟ ಬೋರಲಾಗಿಡಿ, ಪಕ್ಕದಲ್ಲಿ ಕಾಯಿನ್. ಲೋಟಕ್ಕೆ ಕರ್ಚೀಫ್ ಮುಚ್ಚಿ ಎತ್ತಿ ಕಾಯಿನ್ ಮೇಲಿಟ್ಟು ಕರ್ಚೀಫ್ ತೆಗೀರಿ, ಕಾಯಿನ್ ಮಾಯ. ವಾಪಸ್ ಬೇಕಾದ್ರೆ ಮತ್ತೆ ಮುಚ್ಚಿ ಎತ್ತಿ. ಮಕ್ಕಳು ಲೋಟಕ್ಕೇ ಕೈ ಹಾಕ್ತಾರೆ, ದೂರ ಕೂರಿಸಿ.