ಸ್ಲಾಟ್ ಮೆಷಿನ್ ಚಟಕ್ಕೆ ಬಿದ್ದವರ ಮನೆಯವರು ಏನು ಮಾಡಬೇಕು

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಮೂರ್ನಾಲ್ಕು ಗಂಟೆಯಲ್ಲಿ ಪಣಜಿ. ಗೋವಾದಲ್ಲಿ 1992ರ ಕಾನೂನು ತಿದ್ದುಪಡಿಯಿಂದ ಪಂಚತಾರಾ ಹೋಟೆಲುಗಳಿಗೆ ಸ್ಲಾಟ್ ಮೆಷಿನ್, ಅಂದರೆ ಹಣ ಹಾಕಿ ಗುಂಡಿ ಒತ್ತಿದರೆ ಚಿತ್ರದ ಚಕ್ರಗಳು ತಿರುಗುವ ಜೂಜಿನ ಯಂತ್ರ, ಬಂತು. 1996ರ ತಿದ್ದುಪಡಿ ಹಡಗುಗಳಲ್ಲಿ ಕ್ಯಾಸಿನೊ ನಡೆಸಲು ದಾರಿ ಮಾಡಿತು. ಮಾಂಡವಿ ನದಿಯಲ್ಲಿ ನಿಂತ ಆ ಹಡಗುಗಳಿಗೆ ನಮ್ಮ ಕಡೆಯಿಂದ ಹೋಗುವವರು ಕಡಿಮೆ ಏನಿಲ್ಲ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವನು. ಪರಿಚಯದವರು ಈಗಲೂ ಪಾಸ್‌ಬುಕ್ ಹಿಡಿದು ಮನೆಗೆ ಬರುತ್ತಾರೆ, ಹೆಚ್ಚಾಗಿ ಹೆಂಡತಿ ಅಥವಾ ತಾಯಿ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೆಷಿನ್ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ. ಇದು ಗೊತ್ತಿಲ್ಲದೆ ಬೈದರೆ ಬೈಗುಳ ವ್ಯರ್ಥ. ಪರದೆಯ ಮೇಲೆ 20 ಸಾಲು ಇರುತ್ತವೆ ಅಂದುಕೊಳ್ಳಿ. ಸಾಲಿಗೆ 10 ರೂಪಾಯಿಯಂತೆ ಒಂದು ಸಲ ಗುಂಡಿ ಒತ್ತಿದರೆ 200 ರೂಪಾಯಿ. ಎರಡು ಸಾಲಿನಲ್ಲಿ ಒಂದೇ ಥರದ ಚಿತ್ರ ಬಿದ್ದು, ಎರಡರಿಂದ ಒಟ್ಟು 60 ರೂಪಾಯಿ ಬಂತು. ಆಗ ಸಂಗೀತ ಮೊಳಗುತ್ತದೆ, ದೀಪ ಮಿಣುಕುತ್ತದೆ, ಪರದೆ ತುಂಬ ನಾಣ್ಯ ಸುರಿಯುತ್ತದೆ. ನಿಜವಾಗಿ ಹೋದದ್ದು 140 ರೂಪಾಯಿ. ಮನಸ್ಸು ಮಾತ್ರ ಅದನ್ನು ಗೆಲುವು ಅಂತಲೇ ಬರೆದಿಟ್ಟುಕೊಳ್ಳುತ್ತದೆ.

ಇನ್ನೊಂದು, ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನುವುದು. ಮೂರು ಏಳು (7) ಸಾಲಾಗಿ ಕೂತರೆ ದೊಡ್ಡ ಬಹುಮಾನ ಅಂದುಕೊಳ್ಳಿ. ಎರಡು ಕೂತವು, ಮೂರನೆಯದು ಕೂದಲೆಳೆಯಲ್ಲಿ ಜಾರಿತು. ಗುಂಡಿ ಒತ್ತಿದ ಕ್ಷಣಕ್ಕೇ ಒಳಗಿನ ಕಂಪ್ಯೂಟರ್ ಫಲಿತಾಂಶ ತೀರ್ಮಾನಿಸಿರುತ್ತದೆ. ಚಕ್ರ ತಿರುಗುವುದು ಬರೀ ತೋರಿಕೆ. 1984ರಲ್ಲಿ ನಾರ್ವೆ ಮೂಲದ ಇಂಗೆ ಟೆಲ್ನೆಸ್ ಅಮೆರಿಕದಲ್ಲಿ ಪಡೆದ ಪೇಟೆಂಟ್ ಇದಕ್ಕೆ ದಾರಿ ತೆರೆಯಿತು. ಕಣ್ಣಿಗೆ ಕಾಣುವ ಚಕ್ರದಲ್ಲಿ ಎಲ್ಲ ಚಿತ್ರಗಳಿಗೂ ಒಂದೇ ಅಳತೆಯ ಜಾಗ ಇದ್ದ ಹಾಗಿರುತ್ತದೆ, ಒಳಗಿನ ಲೆಕ್ಕದಲ್ಲಿ ಹಾಗಿರಬೇಕಿಲ್ಲ. ದೊಡ್ಡ ಬಹುಮಾನದ ಚಿತ್ರ ಬೀಳುವುದು ಅಪರೂಪ, ಅದರ ಪಕ್ಕದ ಖಾಲಿ ಜಾಗ ಬೀಳುವುದು ಜಾಸ್ತಿ ಅನ್ನುವಂತೆ ಮಾಡಬಹುದು. ಹೀಗೆ ತಪ್ಪಿದಾಗಲೂ, ಗೆದ್ದಾಗ ಚುರುಕಾಗುವ ಮಿದುಳಿನ ಭಾಗವೇ ಚುರುಕಾಗುತ್ತದೆ ಅಂತ ಸಂಶೋಧಕರು ತೋರಿಸಿದ್ದಾರೆ. ‘ಹತ್ತಿರ ಬಂದಿದ್ದೆ’ ಅಂತ ನಿಮ್ಮವರು ಹೇಳುವುದು ಸುಳ್ಳಲ್ಲ, ಅವರಿಗೆ ಹಾಗೇ ಅನ್ನಿಸಿರುತ್ತದೆ.

ದೊಡ್ಡ ಮೊತ್ತ ಹಾಕುವವರ ಲೆಕ್ಕ ನೋಡಿ. ಒಂದು ಒತ್ತಿಗೆ 500 ರೂಪಾಯಿ, ಆರು ಸೆಕೆಂಡಿಗೊಂದು ಒತ್ತು. ಗಂಟೆಗೆ 600 ಸಲ, ಅಂದರೆ 3 ಲಕ್ಷ ರೂಪಾಯಿ ತಿರುಗುತ್ತದೆ. ಮೆಷಿನ್ 100ಕ್ಕೆ 92 ವಾಪಸ್ ಕೊಡುತ್ತದೆ ಅಂದುಕೊಂಡರೂ ಸರಾಸರಿ ಗಂಟೆಗೆ 24,000 ರೂಪಾಯಿ ಹೋಗುತ್ತದೆ. ಇಷ್ಟು ಮೊತ್ತಕ್ಕೆ ಒಗ್ಗಿದ ಮೇಲೆ ಸಾವಿರ ಎರಡು ಸಾವಿರ ಬಂದರೆ ಏನೂ ಅನ್ನಿಸುವುದಿಲ್ಲ. ಬೆಟ್ ಏರುತ್ತಲೇ ಹೋಗುತ್ತದೆ.

ಆದರೂ ಹಣವೇ ಇಡೀ ಕಥೆ ಅಂತ ತಿಳಿಯಬೇಡಿ. ಬಹಳ ದಿನ ಆಡಿದವರು ಮೆಷಿನ್ ಮುಂದೆ ಕೂರುವುದು ಮರೆಯಲಿಕ್ಕೆ. ಹಸಿವು, ಹೊತ್ತು, ಸಾಲ, ಮನೆಯ ಜಗಳ, ಯಾವುದೂ ಅಲ್ಲಿ ನೆನಪಾಗುವುದಿಲ್ಲ. ಗೆದ್ದದ್ದನ್ನೂ ಮತ್ತೆ ಅದಕ್ಕೇ ಹಾಕುತ್ತಾರೆ, ಇನ್ನಷ್ಟು ಹೊತ್ತು ಕೂರಲು. ಅದಕ್ಕೇ ‘ಎಷ್ಟು ಕಳೆದೆ ಗೊತ್ತಾ?’ ಅಂತ ಕೇಳಿದರೆ ಅವರು ಇನ್ನಷ್ಟು ದೂರ ಓಡುತ್ತಾರೆ. ‘ಏನನ್ನು ಮರೆಯಲು ಹೋಗ್ತೀಯ?’ ಅಂತ ಕೇಳಿ. ಕುಡಿದಾಗ ಬೇಡ, ಹೋಗಿ ಬಂದ ದಿನವೂ ಬೇಡ. ಎರಡು ದಿನ ಬಿಟ್ಟು, ಮಕ್ಕಳಿಲ್ಲದಾಗ ಕೇಳಿ.

ಅಷ್ಟರಲ್ಲಿ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಮೊತ್ತಕ್ಕಿಂತ ಮೊದಲು ನಾನು ನೋಡುವುದು ಸಮಯ. ರಾತ್ರಿ 11ಕ್ಕೆ ಪಣಜಿಯ ಎಟಿಎಂನಲ್ಲಿ 5,000, 1.10ಕ್ಕೆ 10,000, 1.50ಕ್ಕೆ 10,000, 2.05ಕ್ಕೆ ಕ್ರೆಡಿಟ್ ಕಾರ್ಡಿನಿಂದ ನಗದು. ಎರಡು ಸಲದ ನಡುವಿನ ಅಂತರ ಕಡಿಮೆಯಾಗುತ್ತಾ, ಮೊತ್ತ ಏರುತ್ತಾ ಹೋದರೆ ಅದು ಹೋದದ್ದನ್ನು ವಾಪಸ್ ತರುವ ಓಟ. ಕ್ರೆಡಿಟ್ ಕಾರ್ಡಿನಿಂದ ತೆಗೆದ ನಗದಿಗೆ ಬಡ್ಡಿ ಅದೇ ದಿನದಿಂದ ಶುರು, ಇದು ತುಂಬ ಜನರಿಗೆ ಗೊತ್ತಿಲ್ಲ. ಬಚ್ಚಿಟ್ಟ ಸಾಲ ಇದೆಯಾ ಅಂತ ತಿಳಿಯಲು ಅವರ ಕೈಯಿಂದಲೇ ಕ್ರೆಡಿಟ್ ವರದಿ ತರಿಸಿ. ಜನರ ಸಾಲದ ದಾಖಲೆ ಇಡುವ ಪ್ರತಿ ಸಂಸ್ಥೆ (ಕ್ರೆಡಿಟ್ ಬ್ಯೂರೊ) ಅದನ್ನು ವರ್ಷಕ್ಕೊಮ್ಮೆ ಪುಕ್ಕಟೆ ಕೊಡಬೇಕು. ಕೈಸಾಲ ಅದರಲ್ಲಿ ಇರುವುದಿಲ್ಲ. ಅದನ್ನು ಬೇರೆ ಹಾಳೆಯಲ್ಲಿ ಬರೆಸಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಲ್ಲ ಸಾಲವನ್ನೂ ಒಂದೇ ಸಲ ತೀರಿಸಬೇಡಿ. ಹೊಲ ಮಾರಿ, ಬಂಗಾರ ಅಡವಿಟ್ಟು ಸಾಲ ಶೂನ್ಯ ಮಾಡಿದ ಮನೆಗಳನ್ನು ಕಂಡಿದ್ದೇನೆ. ಸಾಲದ ಬಾಗಿಲು ಮತ್ತೆ ತೆರೆಯಿತು ಅಷ್ಟೆ. ಕಂತು ಮಾಡಿಸಿಕೊಳ್ಳಿ. ಹಣವನ್ನು ಸಾಲ ಕೊಟ್ಟವರಿಗೇ ನೇರವಾಗಿ ಕಟ್ಟಿ, ಇವರ ಕೈಗೆ ಕೊಡಬೇಡಿ. ಖಾಲಿ ಚೆಕ್ಕಿಗೂ ಜಾಮೀನಿಗೂ ಸಹಿ ಹಾಕಬೇಡಿ, ಎಷ್ಟೇ ಅತ್ತರೂ. ‘ಇನ್ನೊಂದು ಸಲ ಹೋದ್ರ ಎಲ್ಲಾ ವಾಪಸ್ ತರ್ತೀನವ್ವಾ’ ಅಂತ ಮಗ ಹೇಳಿದನೆಂದು ಲಾಕರ್ ಕೀಲಿ ಕೊಟ್ಟ ತಾಯಿಯೊಬ್ಬರು ನನ್ನೆದುರು ಕೂತು ಅತ್ತಿದ್ದಾರೆ. ಅವನು ಸುಳ್ಳು ಹೇಳಿರಲಿಲ್ಲ, ಹಾಗೇ ನಂಬಿದ್ದ.

ಅವರು ಒಪ್ಪಿದರೆ ಸಂಬಳವನ್ನು ಇಬ್ಬರ ಸಹಿ ಬೇಕಾಗುವ ಜಂಟಿ ಖಾತೆಗೆ ತಿರುಗಿಸಿ. ಕಾರ್ಡಿನ ನಗದು ಮಿತಿ ಇಳಿಸಿ. ಆನ್‌ಲೈನ್ ಮತ್ತು ವಿದೇಶಿ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲೇ ಬಂದ್ ಮಾಡಬಹುದು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆದರೂ ಮೊಬೈಲಿನ ಕಡೆ ಒಂದು ಕಣ್ಣಿರಲಿ. ಕ್ಯಾಸಿನೊದಿಂದ ‘ಸರ್, ರೂಮ್ ಫ್ರೀ, ಬರ್ರಿ’ ಅಂತ ಬರುವ ನಂಬರುಗಳನ್ನು ಅವರೇ ಕೂತು ಬ್ಲಾಕ್ ಮಾಡಲಿ.

ಡಾಕ್ಟರ ಹತ್ತಿರ ಹೋಗಲು ಹಿಂಜರಿಯಬೇಡಿ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ. ಆಪ್ತಸಲಹೆ ಇದೆ, ಕೆಲವರಿಗೆ ಔಷಧಿಯೂ ಉಂಟು. ಮನೆಯ ಹಿರಿಯರು ಪಾರ್ಕಿನ್ಸನ್ ಕಾಯಿಲೆಗೆ ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ತೆಗೆದುಕೊಳ್ಳುತ್ತಿದ್ದು, ಆಮೇಲೆ ಜೂಜಿಗೆ ಇಳಿದಿದ್ದರೆ, ಅದನ್ನು ನರರೋಗ ವೈದ್ಯರಿಗೆ ತಪ್ಪದೆ ಹೇಳಿ. ಈ ಔಷಧಿಗಳು ಕೆಲವರಲ್ಲಿ ಇಂಥ ಹುಚ್ಚು ಹಿಡಿಸುತ್ತವೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

‘ನಾನು ಇಲ್ಲದಿದ್ದರೆ ಇನ್ಶೂರೆನ್ಸ್ ಹಣವಾದರೂ ಬರುತ್ತಿತ್ತು’ ಎಂಬಂಥ ಮಾತು ಕೇಳಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ‘ಸಾಯಬೇಕು ಅನ್ನಿಸ್ತಾ ಇದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿ. ಹಗಲು ರಾತ್ರಿ ಯಾವಾಗ ಮಾಡಿದರೂ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ನಾಲ್ಕು ತಿಂಗಳು ಬಿಟ್ಟು ಮತ್ತೆ ಒಮ್ಮೆ ಹೋದರೆ ‘ಎಲ್ಲ ಮುಗಿಯಿತು’ ಅನ್ನಬೇಡಿ. ಯಾವ ದಿನ ಹೋದರು, ಕೈಗೆ ಹಣ ಎಲ್ಲಿಂದ ಬಂತು, ಹಿಂದಿನ ದಿನ ಏನಾಗಿತ್ತು, ಈ ಮೂರನ್ನೂ ಇಬ್ಬರೂ ಕೂತು ಬರೆಯಿರಿ. ಬೋನಸ್ ಬಂದ ವಾರ ಅಂತ ಗೊತ್ತಾದರೆ, ಮುಂದಿನ ಬೋನಸ್ ಖಾತೆಗೆ ಬೀಳುವ ಮೊದಲೇ ಅದು ಯಾವ ಕಂತಿಗೆ ಹೋಗಬೇಕು ಅಂತ ಬ್ಯಾಂಕಿಗೆ ಬರೆದುಕೊಡಿ.